ಒಂದೇ ಉಸಿರಿನ ರೂಟು

ನನ್ನ ಕಂಡಕ್ಟರ್ ಬ್ಯಾಗಿನಲ್ಲಿ ಟಿಕೆಟ್ಟು, ಚಿಲ್ಲರೆ, ಎಲೆಅಡಿಕೆ ಸಂಚಿ, ಯಾರೋ ಬಿಟ್ಟುಹೋದ ಒಂದು ಕನ್ನಡಕ, ಇವುಗಳ ಜೊತೆಗೆ ಒಂದು ಹಳದಿ ಟೇಪು ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ದರ್ಜಿಗಳು ಕೊರಳಿಗೆ ಹಾಕಿಕೊಳ್ಳುತ್ತಾರಲ್ಲ, ಅದೇ ಟೇಪು. ಮೊನ್ನೆ ಮಲೇಬೆನ್ನೂರು ದಾಟಿದ ಮೇಲೆ ಚಿಲ್ಲರೆಗೆಂದು ಕೈ ಹಾಕಿದರೆ ಅದು ಬೆರಳಿಗೆ ಸುತ್ತಿಕೊಂಡು ಈಚೆಗೆ ಬಂತು. ಮುಂದಿನ ಸೀಟಿನಲ್ಲಿದ್ದ ಅಜ್ಜಿಗೆ ಬೇರೆ ಕೆಲಸವಿರಲಿಲ್ಲ.

"ಏನಪ್ಪ ಕಂಡಕ್ಟ್ರು, ಜಂಪರು ಹೊಲಿಯಾಕೂ ಸುರು ಮಾಡೀಯೇನು?"

"ಇಲ್ಲವ್ವಾ, ಇದು ಉಸಿರು ಅಳೆಯಾಕೆ" ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇನ್ನ ಉಸಿರಿಗೂ ಟಿಕೆಟ್ ಹರಿಯಾಕೆ ಬಂದ್ರಾ?" ಎಂದು ಪಕ್ಕದವಳಿಗೆ ಹೇಳಿತು. ಬಸ್ಸಿನಲ್ಲಿ ನಿಂತು ಎಲ್ಲವನ್ನೂ ವಿವರಿಸಲು ಆಗುವುದಿಲ್ಲ, ಹೊನ್ನಾಳಿ ಬಂದುಬಿಡುತ್ತದೆ. ನಿಮಗೆ ಹೇಳುತ್ತೇನೆ, ನೀವು ಇಳಿಯುವ ಅವಸರದಲ್ಲಿಲ್ಲ.

ಟೇಪಿನ ಕಥೆಗೆ ಮುಂಚೆ ಕೂಗಿನ ಕಥೆ ಹೇಳಬೇಕು. ನಮ್ಮದು ಖಾಸಗಿ ಬಸ್ಸು. ಬೆಳಿಗ್ಗೆ ಹೊನ್ನಾಳಿಯಿಂದ ಜಗಳೂರಿಗೆ ಹೋಗುತ್ತದೆ, ಅಲ್ಲಿಂದ ಹಿಂದಿರುಗಿ ಶಿವಮೊಗ್ಗದವರೆಗೆ ಹೋಗುತ್ತದೆ, ಸಂಜೆ ಮತ್ತೆ ಹೊನ್ನಾಳಿಗೆ ಬಂದು ಮಲಗುತ್ತದೆ. ನನ್ನ ಮನೆಯೂ ಹೊನ್ನಾಳಿಯಲ್ಲೇ ಇರುವುದರಿಂದ ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮಲಗುತ್ತೇವೆ. ಜಗಳೂರಿನ ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, "ದಾವಣಗೆರೆ ಹರಿಹರ ಮಲೇಬೆನ್ನೂರು ಹೊನ್ನಾಳಿ ಗೋವಿನಕೋವಿ ಚೀಲೂರು ಹೊಳಲೂರು ಶಿವಮೊಗ್ಗಾ" ಎಂದು ಕೂಗುವುದು ನನ್ನ ಕೆಲಸ. ಇದನ್ನು ಒಂದೇ ಉಸಿರಿನಲ್ಲಿ ಕೂಗಬೇಕು. ಯಾಕೆ ಎಂದರೆ, ನಮ್ಮ ಕಡೆಯ ಜನರ ಲೆಕ್ಕದಲ್ಲಿ ಕಂಡಕ್ಟರನ ಉಸಿರು ಎಲ್ಲಿ ನಿಲ್ಲುತ್ತದೋ ಬಸ್ಸೂ ಅಲ್ಲಿಗೇ ನಿಲ್ಲುತ್ತದೆ. "ಹರಿಹರ" ಎಂದು ಹೇಳಿ ಒಂದು ಗುಟುಕು ಉಸಿರು ಎಳೆದುಕೊಂಡಿರೋ, "ಇದು ಹರಿಹರದ ಬಸ್ಸು, ನಮ್ಮದಲ್ಲ" ಎಂದು ಜನ ಬೇರೆ ಕಡೆ ತಿರುಗುತ್ತಾರೆ. ಆಮೇಲೆ ನೀವು ಶಿವಮೊಗ್ಗ ಎಂದು ಎಷ್ಟು ಅರಚಿಕೊಂಡರೂ ಅದು ಬೇರೆ ಯಾವುದೋ ಬಸ್ಸಿನ ಸುದ್ದಿಯಾಗುತ್ತದೆ. ಬೋರ್ಡು ಓದಬಹುದಲ್ಲ ಎನ್ನುತ್ತೀರಿ. ಓದು ಬರುವವರೂ ಬೋರ್ಡನ್ನು ನಂಬುವುದಿಲ್ಲ, ಓದಿದ ಮೇಲೂ ಕೇಳುತ್ತಾರೆ.

ಜಂಬ ಎಂದುಕೊಳ್ಳಬೇಡಿ, ನನ್ನ ಕೂಗಿಗೆ ಒಂದು ಹೆಸರಿತ್ತು. ನನ್ನ ಶಿವಮೊಗ್ಗದ ಕೊನೆಯ ದೀರ್ಘ ಸ್ಟ್ಯಾಂಡು ದಾಟಿ, ರಸ್ತೆ ದಾಟಿ, ಆಚೆಯ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಕೂತವರನ್ನು ಎಬ್ಬಿಸಿಕೊಂಡು ಬರುತ್ತಿತ್ತು. ಸ್ಟ್ಯಾಂಡಿನ ಹೂವಿನವಳು, "ರುದ್ರಣ್ಣ ಕೂಗಿದ, ಹೊತ್ತಾತು" ಎಂದು ಮೊಗ್ಗಿಗೆ ನೀರು ಚಿಮುಕಿಸುತ್ತಿದ್ದಳು. ಇಂಥ ಕೂಗು ಇಟ್ಟುಕೊಂಡವನಿಗೆ ಉಸಿರು ಎಂದರೆ ಏನು ಎಂದು ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ. ಜೇಬು ತುಂಬಿದವನು ಚಿಲ್ಲರೆ ಎಣಿಸುತ್ತಾನೆಯೇ?

ಬೆನ್ನು ನೋವು ಮಾತ್ರ ಹಳೆಯದು. ಬೆಳಿಗ್ಗೆ ಏಳುವಾಗ ಬೆನ್ನು ಹಲಗೆಯಂತೆ ಇರುತ್ತಿತ್ತು. ಪಕ್ಕಕ್ಕೆ ಹೊರಳಿ, ಮಂಚದ ಅಂಚು ಹಿಡಿದು, ಒಂದೊಂದೇ ಕಾಲು ಕೆಳಗಿಟ್ಟು ಏಳಬೇಕು. ವಿಚಿತ್ರವೆಂದರೆ ಕೆಲಸಕ್ಕೆ ಹೋಗಿ ಬಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿದರೆ ಸಡಿಲವಾಗುತ್ತಿತ್ತು, ರಜೆ ಹಾಕಿ ಮಲಗಿದರೆ ಜಾಸ್ತಿಯಾಗುತ್ತಿತ್ತು. ನನ್ನ ಹೆಂಡತಿ ಸರೋಜ ಇದಕ್ಕೆ ತನ್ನದೇ ಅರ್ಥ ಹಚ್ಚಿದ್ದಳು. "ರಜಾ ದಿವಸ ನೀರಿನ ಕೊಡ ಎತ್ತಾಕೆ ಹೇಳಿದ್ರೆ ಮಾತ್ರ ಬರೋ ನೋವು ಇದು" ಎನ್ನುತ್ತಿದ್ದಳು. ನನಗೂ ಅವಳ ಮಾತಿನಲ್ಲಿ ಸತ್ಯವಿರಬಹುದು ಎಂದು ಅನುಮಾನ ಬರುತ್ತಿತ್ತು.

ಬೆನ್ನು ಹಿಡಿದರೆ ಏನು ಮಾಡಬೇಕೆಂದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ನಾನು ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ನೀರು ಹರಿಯುವ ಒಂದು ಹಳ್ಳಿಯಲ್ಲಿ. ಅಲ್ಲಿ ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ, ಇದ್ದಳು. ಅವಳು ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವಳಂತೆ. ಅಂಥವರು ಕಾಲಿನಿಂದ ತುಳಿದರೆ ಹಿಡಿದ ಬೆನ್ನು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಭತ್ತದ ನಾಟಿಯ ಕಾಲದಲ್ಲಿ ನಮ್ಮ ಕಟ್ಟೆಯ ಮೇಲೆ ಜನ ಬೋರಲು ಮಲಗಿ ಕಾಯುತ್ತಿದ್ದರು. ಚಿಗವ್ವ ರೊಟ್ಟಿ ತಟ್ಟುತ್ತಿದ್ದವಳು ಎದ್ದು ಬಂದು, ಕೈಯ ಹಿಟ್ಟನ್ನೂ ತೊಳೆಯದೆ, ಒಬ್ಬೊಬ್ಬರ ಸೊಂಟದ ಮೇಲೆ ಕಾಲಿಟ್ಟು ಒತ್ತಿ ಮತ್ತೆ ಒಲೆಯ ಮುಂದೆ ಹೋಗುತ್ತಿದ್ದಳು. ರೊಟ್ಟಿ ಸೀಯುತ್ತಿರಲಿಲ್ಲ. ತುಳಿಸಿಕೊಂಡವರು ಎದ್ದು ಸೊಂಟ ತಿರುವಿ, "ಹಗುರಾತು ತಾಯಿ" ಎಂದು ಕೈ ಮುಗಿಯುತ್ತಿದ್ದರು. ಊರಿನಲ್ಲಿ ದೊಡ್ಡ ದೊಡ್ಡ ಮನುಷ್ಯರನ್ನು ತುಳಿದು, ಅವರಿಂದಲೇ ಕೈ ಮುಗಿಸಿಕೊಂಡ ಹೆಂಗಸು ಅವಳೊಬ್ಬಳೇ. ನಾನೂ ದೊಡ್ಡವನಾದ ಮೇಲೆ ಊರಿಗೆ ಹೋದಾಗಲೆಲ್ಲ ಅವಳ ಪಾದದ ಕೆಳಗೆ ಮಲಗಿದ್ದೇನೆ. ಅವಳಿಗೆ ವಯಸ್ಸಾಗಿ ಮೈ ತುಂಬಿಕೊಂಡಿತ್ತು. ಹಗುರವಾಯಿತೆಂದು ನಾನೂ ಹೇಳುತ್ತಿದ್ದೆ. ನಿಜವಾಗಿ ಹಗುರವಾದದ್ದು ಅವಳು ಕೆಳಗಿಳಿದಾಗ.

ಇರಲಿ, ಉಸಿರಿಗೆ ಬರೋಣ. ಒಂದು ದಿನ ಜಗಳೂರಿನಲ್ಲಿ ಎಂದಿನಂತೆ ಮೆಟ್ಟಿಲ ಮೇಲೆ ನಿಂತು ಕೂಗಿದೆ. ದಾವಣಗೆರೆ, ಹರಿಹರ, ಮಲೇಬೆನ್ನೂರು, ಹೊನ್ನಾಳಿ, ಗೋವಿನಕೋವಿ, ಅಲ್ಲಿಗೆ ಮುಗಿಯಿತು. ಒಳಗೆ ಇನ್ನೇನೂ ಇರಲಿಲ್ಲ. ಎದೆಯ ಸುತ್ತ ಯಾರೋ ಹಗ್ಗ ಬಿಗಿದಂತಾಗಿ, ಮುಂದಿನ ಉಸಿರು ಮೇಲೆ ಮೇಲೆ ಗಂಟಲಲ್ಲೇ ಓಡಾಡಿತು. ಶಿವಮೊಗ್ಗಕ್ಕೆ ಹೋಗಬೇಕಾಗಿದ್ದ ಒಂದು ಮದುವೆಯ ದಿಬ್ಬಣವೇ ಅಲ್ಲಿ ನಿಂತಿತ್ತು. ಅವರು ಗೋವಿನಕೋವಿಯವರೆಗೆ ಕೇಳಿಸಿಕೊಂಡು, ಗಂಟುಮೂಟೆ ಎತ್ತಿಕೊಂಡು ಹಿಂದಿನ ಬಸ್ಸಿಗೆ ಹೋದರು. ಆ ಬಸ್ಸಿನ ಕಂಡಕ್ಟರು ನನ್ನ ಕಡೆ ನೋಡಿ ನಕ್ಕ.

ಮನೆಗೆ ಬಂದು ಸರೋಜನಿಗೆ ಹೇಳಿದೆ. ಗೋವಿನಕೋವಿ ಅವಳ ತವರು. ಅವಳು ಮಿಷನ್ನಿನ ಮುಂದೆ ಕೂತು ಯಾರದೋ ಜಂಪರಿಗೆ ಕೊಕ್ಕೆ ಹಚ್ಚುತ್ತಿದ್ದಳು. ತಲೆ ಎತ್ತದೆಯೇ, "ಮಾವನ ಮನಿ ಬಂದ ಮ್ಯಾಲೆ ಅಳಿಯಂದ್ರು ಮುಂದೆ ಹೆಂಗೆ ಹೋಗ್ತಾರೆ ಬಿಡ್ರಿ" ಅಂದಳು. ಇಬ್ಬರೂ ನಕ್ಕೆವು. ನಗುವಾಗ ನನಗೆ ಪಕ್ಕೆ ಹಿಡಿಯಿತು. ನಗು 'ಹ' ಎನ್ನುವಲ್ಲಿ ನಿಂತು 'ಹಹಹ' ಆಗಲಿಲ್ಲ. ಅವಳು ಆಗ ತಲೆ ಎತ್ತಿ ನೋಡಿದಳು.

ನಾನು ಸುಮ್ಮನೆ ಸೋಲುವವನಲ್ಲ. ಮರುದಿನ ಒಂದು ಉಪಾಯ ಮಾಡಿದೆ. ಕೊನೆಗೆ ಉಸಿರು ಸಾಲದಿದ್ದರೆ ಶಿವಮೊಗ್ಗವನ್ನೇ ಮೊದಲು ಕೂಗಿದರಾಯಿತಲ್ಲ. "ಶಿವಮೊಗ್ಗ ಹೊಳಲೂರು ಚೀಲೂರು ಗೋವಿನಕೋವಿ ಹೊನ್ನಾಳಿ" ಎಂದು ತಿರುವಿ ಹಾಕಿ ಕೂಗಿದೆ. ಜನ ಬಂದರು, ಆದರೆ ಹತ್ತಲಿಲ್ಲ, ಬಾಗಿಲ ಮುಂದೆ ನಿಂತರು. ಯಾಕೆಂದು ಕೇಳಿದರೆ, "ಇಳಿಯೋರು ಇಳೀಲಿ ಅಂತ ನಿಂತೀವಿ" ಅಂದರು. ಊರುಗಳನ್ನು ಆ ಕಡೆಯಿಂದ ಹೇಳಿದ್ದರಿಂದ ಬಸ್ಸು ಶಿವಮೊಗ್ಗದಿಂದ ಈಗತಾನೆ ಬಂದಿದೆ ಎಂದು ತಿಳಿದಿದ್ದರು. ಒಬ್ಬರು ತಮ್ಮ ಬೀಗರು ಬಂದಿದ್ದಾರೆಯೇ ಎಂದು ಕಿಟಕಿಯಲ್ಲಿ ಇಣುಕಿ ಹುಡುಕಿದರು. ಖಾಲಿ ಬಸ್ಸು ನೋಡಿ, "ಬಂದಿಲ್ಲ" ಎಂದು ಬೇಜಾರಿನಿಂದ ಹೊರಟುಹೋದರು.

ನಮ್ಮ ಬಸ್ಸಿನ ಮಾಲೀಕರು ಒಳ್ಳೆಯವರು, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಸಂಜೆ ಹೆಗಲ ಮೇಲೆ ಕೈ ಇಟ್ಟು, "ರುದ್ರಣ್ಣ, ಕೂಗಾಕೆ ಬ್ಯಾರೆ ಯಾರ್ನಾರ ಇಟ್ಕಂಡು ನೀ ಟಿಕೆಟ್ಟಷ್ಟೇ ನೋಡ್ಕಳಾದು ಒಳ್ಳೇದೇನೋ. ಮೊದ್ಲು ಒಂದ್ಸಲ ದವಾಖಾನಿಗೆ ತೋರ್ಸು" ಅಂದರು. ನಾನು ತಲೆಯಾಡಿಸಿದೆ. ಕೂಗದ ಕಂಡಕ್ಟರು ಎಂದರೆ ಏನೆಂದು ನಿಮಗೆ ಹೇಗೆ ಹೇಳಲಿ. ನನ್ನ ಊರುಗಳನ್ನು ನನ್ನ ಎದುರಿಗೇ ಇನ್ನೊಬ್ಬ ಕರೆಯುವುದನ್ನು ಕೇಳುತ್ತಾ ಟಿಕೆಟ್ ಹರಿಯುವುದು ನನ್ನಿಂದ ಆಗುವುದಿಲ್ಲ ಎಂದು ಆ ಕ್ಷಣವೇ ಗೊತ್ತಾಯಿತು.

ಸರೋಜನ ಜೊತೆ ದಾವಣಗೆರೆಯ ಆಸ್ಪತ್ರೆಗೆ ಹೋದೆ. ಅಲ್ಲಿ ರಕ್ತ ತೆಗೆದರು, ಬೆನ್ನಿನ ಫೋಟೋ ತೆಗೆದರು. ದೊಡ್ಡ ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ಕಾಯಿಲೆಯ ಹೆಸರು ಹೇಳಿದರು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಇದನ್ನೂ ಒಂದೇ ಉಸಿರಿನಲ್ಲಿ ಹೇಳಬೇಕಂತೆ. ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತವಾಗಿ, ವರ್ಷಗಳು ಹೋದ ಹಾಗೆ ಬೆನ್ನು ಬಿಗಿದುಕೊಳ್ಳುತ್ತಾ ಬರುವ ಸಂಧಿವಾತ ಎಂದು ಬಿಡಿಸಿ ಹೇಳಿದರು. ರಜೆಯ ದಿನ ಜಾಸ್ತಿ, ಕೆಲಸದ ದಿನ ಕಡಿಮೆ, ಅದೇ ಇದರ ಗುರುತು ಎಂದೂ ಹೇಳಿದರು. ನಾನು ಸರೋಜನ ಕಡೆ ತಿರುಗಿ ನೋಡಿದೆ. ಇಷ್ಟು ವರ್ಷಗಳ ನೀರಿನ ಕೊಡದ ಅಪವಾದ ತೊಳೆದುಹೋದ ಸಂತೋಷದಲ್ಲಿ, ಕಾಯಿಲೆ ದೊಡ್ಡದು ಎಂಬುದು ನನಗೆ ತಡವಾಗಿ ತಲೆಗೆ ಹತ್ತಿತು. ಮಾತ್ರೆ ಬರೆದುಕೊಟ್ಟು, ಉಸಿರಿಗೆ ಫಿಸಿಯೋಥೆರಪಿ ಮಾಡಿಸಿಕೊಳ್ಳಲೇಬೇಕು ಎಂದು ಹೊನ್ನಾಳಿಯಲ್ಲೇ ಇರುವ ಒಬ್ಬರ ಹತ್ತಿರ ಕಳಿಸಿದರು.

ಅವರ ಹೆಸರು ಕವಿತಾ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಜಗಳೂರಿನ ಕಡೆಯವರು. ಮೊದಲ ದಿನವೇ, "ನಿಮ್ಮ ಬಸ್ಸಿನಾಗೇ ಕಾಲೇಜಿಗೆ ಹೋಗಿ ಓದಿದೋಳು ನಾನು ಯಜಮಾನ್ರೆ. ಪಾಸ್ ತೋರ್ಸು ಅಂತ ದಿನಾ ಗದರ್ತಿದ್ರಿ" ಅಂದರು. ನನಗೆ ನೆನಪಿರಲಿಲ್ಲ. ಆದರೆ ಮುಂದಿನ ದಿನಗಳಲ್ಲಿ ಅವರು ಗದರುವ ವರಸೆ ನೋಡಿ ಎಲ್ಲಿ ಕಲಿತರೆಂದು ಅರ್ಥವಾಯಿತು.

ಅವರು ನನ್ನ ಎದೆಯ ಸುತ್ತ ಟೇಪು ಹಾಕಿ, "ಪೂರಾ ಉಸಿರು ಬಿಡ್ರಿ" ಎಂದು ಒಮ್ಮೆ ನೋಡಿದರು. "ಈಗ ಪೂರಾ ಎಳ್ಕಳ್ರಿ" ಎಂದು ಇನ್ನೊಮ್ಮೆ ನೋಡಿದರು. ನಾನು ಹೊಟ್ಟೆ ಉಬ್ಬಿಸಿ, ಹೆಗಲು ಕಿವಿಯವರೆಗೆ ಎತ್ತಿ, ಕಣ್ಣು ಅಗಲಿಸಿ ಎಳೆದೆ. ಟೇಪು ಮಾತ್ರ ಎದ್ದೇಳಲಿಲ್ಲ. ಎರಡು ಅಳತೆಗೂ ಒಂದು ಬೆರಳಿನಷ್ಟೂ ವ್ಯತ್ಯಾಸವಿರಲಿಲ್ಲ.

"ನಿಮ್ಮ ಶ್ವಾಸಕೋಶ ಚೆನ್ನಾಗೈತೆ" ಅಂದರು. "ಅದು ಹಿಗ್ಗಾಕೆ ಜಾಗ ಇಲ್ಲ. ಪಕ್ಕೆಲುಬು ಬೆನ್ನಿಗೆ ಸೇರೋ ತಾವ ಸಣ್ಣ ಸಣ್ಣ ಕೀಲು ಅದಾವೆ. ಉಸಿರು ಎಳೆದಾಗ ಅವು ಆಡಬೇಕು. ನಿಮ್ಮವು ಬಿಗೀತಾ ಬಂದಾವೆ."

"ಬಿಗಿದಿದ್ದು ಬಿಡ್ತೈತಾ?"

"ಪೂರಾ ಬಿಡ್ತೈತೆ ಅಂತ ಸುಳ್ಳು ಹೇಳಲ್ಲ. ಇರೋದನ್ನ ಉಳಿಸ್ಕಳಾನ. ಸ್ವಲ್ಪ ಗಳಿಸ್ಕಳಾನ. ಆದ್ರೆ ದಿನಾ ಮಾಡ್ಬೇಕು, ಬಿಟ್ರೆ ಇದ್ದಿದ್ದೂ ಹೋಗ್ತೈತೆ."

ಹೀಗೆ ಐವತ್ತು ದಾಟಿದ ಮೇಲೆ ಉಸಿರಾಡುವುದನ್ನು ಕಲಿಯಲು ಹಾಕಿದರು. ಎರಡು ಅಂಗೈಗಳನ್ನು ಪಕ್ಕೆಯ ಮೇಲಿಟ್ಟು, ಮೂಗಿನಿಂದ ನಿಧಾನ ಎಳೆದು, ಆ ಅಂಗೈಗಳನ್ನು ಪಕ್ಕೆಗಳೇ ಆಚೆಗೆ ತಳ್ಳಬೇಕು. ಹೆಗಲು ಎತ್ತಬಾರದು. ಟವೆಲನ್ನು ಎದೆಗೆ ಸುತ್ತಿ ತುದಿಗಳನ್ನು ಹಿಡಿದುಕೊಂಡು, ಬಿಡುವಾಗ ಬಿಗಿ ಮಾಡಬೇಕು, ಎಳೆಯುವಾಗ ಅದನ್ನು ನೂಕಿಕೊಂಡು ಹಿಗ್ಗಬೇಕು. ಗೋಡೆಯ ಮೂಲೆಗೆ ಮುಖ ಮಾಡಿ ನಿಂತು, ಎರಡೂ ಕೈಗಳನ್ನು ಎರಡು ಗೋಡೆಗೆ ಆನಿಸಿ, ಎದೆಯನ್ನು ಮೂಲೆಯೊಳಕ್ಕೆ ಒತ್ತಬೇಕು. ಮೂಲೆ ನನಗೆ ಹೊಸದಲ್ಲ. ಪ್ರೈಮರಿ ಸ್ಕೂಲಿನಲ್ಲಿ ಮಗ್ಗಿ ಬರದಿದ್ದವರನ್ನು ಮೇಷ್ಟ್ರು ಮೂಲೆಗೇ ನಿಲ್ಲಿಸುತ್ತಿದ್ದರು. ಆ ಮೂಲೆಯ ಸುಣ್ಣದಲ್ಲಿ ನಾನು ಉಗುರಿನಿಂದ ಕೆತ್ತಿದ್ದ ಎತ್ತಿನ ಚಿತ್ರ ತುಂಬ ದಿನ ಇತ್ತು. ನಮ್ಮ ಮನೆಯ ಮೂಲೆಯಲ್ಲಿ ನಿಂತಾಗಲೂ ಕೈ ಉಗುರಿಗೆ ಅದೇ ತುರಿಕೆ. ಸರೋಜ ಹೋದ ವರ್ಷವಷ್ಟೇ ಬಣ್ಣ ಹೊಡೆಸಿದ್ದರಿಂದ ತಡೆದುಕೊಂಡೆ.

ಇನ್ನೊಂದು ಯಂತ್ರ ಕೊಟ್ಟರು. ಮೂರು ಪ್ಲಾಸ್ಟಿಕ್ ಗುಂಡು, ಒಂದು ಕೊಳವೆ. ಕೊಳವೆಯನ್ನು ಬಾಯಿಗೆ ಇಟ್ಟುಕೊಂಡರೆ ಗುಂಡು ಮೇಲೇಳಬೇಕು. ನಾನು ಇಟ್ಟುಕೊಂಡು ಜೋರಾಗಿ ಊದಿದೆ. ಗುಂಡು ಜಪ್ಪಯ್ಯ ಎನ್ನಲಿಲ್ಲ. ಮತ್ತೆ ಊದಿದೆ. ಕವಿತಾ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, "ಊದಾದಲ್ಲ, ಎಳೆಯಾದು. ಇದೇನು ವಿಜಿಲ್ಲಾ?" ಅಂದರು. ತಪ್ಪು ನನ್ನದಲ್ಲ, ಕಂಡಕ್ಟರನ ಬಾಯಿಗೆ ಏನು ಇಟ್ಟರೂ ಅದು ಊದುತ್ತದೆ.

ಕೊನೆಗೆ ಅವರು ಹೇಳಿದ್ದು, ವಾರಕ್ಕೊಮ್ಮೆ ಮನೆಯಲ್ಲೇ ಎದೆಯ ಅಳತೆ ನೋಡಿಕೊಳ್ಳಿ ಎಂದು. "ಟೇಪು ಹಿಡಿಯಾಕೆ ಬರೋರು ಮನಿಯಾಗೆ ಯಾರಾದ್ರೂ ಅದಾರೇನು?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ನಮ್ಮ ಬೀದಿಯ ಹೆಂಗಸರೆಲ್ಲ ಸರೋಜ ಹೊಲಿದದ್ದನ್ನೇ ಹಾಕಿಕೊಳ್ಳುವುದು. ಅವಳು ಟೇಪು ಹಾಕಿ ಹೊಲಿದ ಜಂಪರು ಒಂದು ಸಲವೂ ಬಿಚ್ಚಿ ರಿಪೇರಿಗೆ ಬಂದದ್ದಿಲ್ಲ.

ಮೊದಲ ವಾರ ಕಳೆದ ಮೇಲೆ ಸರೋಜ ಅಳೆದಳು. ಬಿಟ್ಟಾಗ ಒಂದು ಸಲ, ಎಳೆದಾಗ ಒಂದು ಸಲ. ಕವಿತಾ ಅಳೆದಾಗ ಬೆರಳಿನಷ್ಟೂ ಇಲ್ಲದ ವ್ಯತ್ಯಾಸ ಈಗ ಮೂರು ಬೆರಳಿನ ಹತ್ತಿರ ಬಂದಿತ್ತು. ಇಬ್ಬರಿಗೂ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಅಳೆದಳು. ಅಷ್ಟೇ ಬಂತು. ಅವತ್ತು ಅವಳು ಹೋಳಿಗೆ ಮಾಡಿದಳು. ಮುಂದಿನ ವಾರವೂ ಅಷ್ಟೇ, ಅದರ ಮುಂದಿನ ವಾರವೂ ಅಷ್ಟೇ. ಇಳಿಯಲಿಲ್ಲವಲ್ಲ ಎಂಬ ಧೈರ್ಯದಲ್ಲಿ ನಾನು ಟವೆಲನ್ನು ಮೈ ಒರೆಸಲು ಮಾತ್ರ ಬಳಸತೊಡಗಿದೆ. ಮೂಲೆಯಲ್ಲಿ ಸರೋಜ ಬಟ್ಟೆಯ ಗಂಟು ಇಟ್ಟಳು. ಗುಂಡಿನ ಯಂತ್ರ ಟಿವಿಯ ಪಕ್ಕದಲ್ಲಿ ಅಲಂಕಾರಕ್ಕೆ ಹೋಯಿತು. ಜಗಳೂರಿನ ಕೂಗು ಮಾತ್ರ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಬರುತ್ತಿತ್ತು, ಈಗ ಹೊನ್ನಾಳಿಗೇ ನಿಲ್ಲುತ್ತಿತ್ತು. ಧೂಳು, ಬಿಸಿಲು, ಕಾರದ ಮಂಡಕ್ಕಿ ಎಂದು ಒಂದೊಂದು ದಿನ ಒಂದೊಂದರ ಮೇಲೆ ಹಾಕುತ್ತಿದ್ದೆ. ಟೇಪು ಚೆನ್ನಾಗಿದೆ ಎನ್ನುವಾಗ ಮಂಡಕ್ಕಿಯದೇ ತಪ್ಪಿರಬೇಕು.

ಕವಿತಾ ಹೇಳಿದ್ದ ದಿನ ಇಬ್ಬರೂ ಹೋದೆವು. ಸರೋಜ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು, ಹೊಗಳಿಸಿಕೊಳ್ಳುವ ದಿನವಲ್ಲವೇ. ಕವಿತಾ ಅಳೆದರು. ಮತ್ತೆ ಅಳೆದರು. ಮುಖ ಸಣ್ಣದಾಯಿತು.

"ಹೋದ್ಸಲದಷ್ಟೂ ಇಲ್ಲ ಯಜಮಾನ್ರೆ. ವ್ಯಾಯಾಮ ಮಾಡ್ತಿದೀರಾ?"

ನಾನು ಬಾಯಿ ತೆರೆಯುವ ಮೊದಲೇ ಸರೋಜ ಹೇಳಿದಳು, "ನಾನೇ ಅಳೆದೀನಿ ಡಾಕ್ಟ್ರಮ್ಮ. ಮೂರು ಬೆರಳು ಬರ್ತೈತೆ. ನಿಮ್ಮ ಟೇಪು ಹಳೇದಾಗಿ ಎಳ್ಕಂಡೈತೇನೋ ನೋಡ್ರಿ."

"ಹಂಗಾದ್ರೆ ನಿಮ್ಮ ಟೇಪಿನಾಗೇ ನೀವೇ ಅಳೀರಿ, ನಾ ನೋಡ್ತೀನಿ."

ಸರೋಜ ಬ್ಯಾಗಿನಿಂದ ತನ್ನ ಹಳದಿ ಟೇಪು ತೆಗೆದಳು. ನಾನು ಉಸಿರು ಬಿಟ್ಟೆ, ಅವಳು ಮೈಗೆ ಅಂಟುವಂತೆ ಬಿಗಿಯಾಗಿ ಹಿಡಿದು ನೋಡಿದಳು. ಉಸಿರು ಎಳೆದೆ. ಅವಳು ಟೇಪು ಹಿಡಿದ ಕೈಯ ಎರಡು ಬೆರಳು, ನೀರು ಇಳಿಜಾರಿಗೆ ಹೋದಷ್ಟು ಸಹಜವಾಗಿ, ಟೇಪಿಗೂ ನನ್ನ ಎದೆಗೂ ನಡುವೆ ಹೋಗಿ ಕೂತವು. ಅಷ್ಟು ಸಡಿಲ ಬಿಟ್ಟು ಅವಳು ಅಳತೆ ಓದಿದಳು. "ನೋಡ್ರಿ, ಮೂರು ಬೆರಳು."

ಕವಿತಾ ಅವಳ ಕೈಯನ್ನು ಹಾಗೆಯೇ ಹಿಡಿದು, "ಇವೇನ್ರಿ ಇವು?" ಎಂದು ಆ ಎರಡು ಬೆರಳು ತೋರಿಸಿದರು.

ಸರೋಜ ತನ್ನ ಬೆರಳುಗಳನ್ನು ಬೇರೆ ಯಾರವೋ ಎನ್ನುವಂತೆ ನೋಡಿದಳು. "ಅದು ಲೂಸು" ಅಂದಳು. "ಉಸಿರು ಬಿಟ್ಟಾಗಿಂದು ಮೈ ಅಳತೆ. ಎಳೆದಾಗಿಂದಕ್ಕೆ ಎರಡು ಬೆರಳು ಲೂಸು ಕೊಡಬೇಕಲ್ಲ. ಇಲ್ಲಾಂದ್ರೆ ಹಾಕ್ಕೊಂಡೋರು ಉಸಿರಾಡಾದು ಹೆಂಗೆ?"

ಕವಿತಾ ಮೊದಲು ನಕ್ಕರು. ನಾನೂ 'ಹ' ಎಂದು ನನ್ನ ಕೈಲಾದಷ್ಟು ನಕ್ಕೆ. ಸರೋಜ ನಗಲಿಲ್ಲ. ಟೇಪನ್ನು ಸುತ್ತಿ ಸುತ್ತಿ ಸಣ್ಣ ಉಂಡೆ ಮಾಡಿ ಮುಷ್ಟಿಯಲ್ಲಿ ಇಟ್ಟುಕೊಂಡಳು. ಆಮೇಲೆ ನನಗೂ ನಗು ಹೋಯಿತು. ಇಷ್ಟು ವಾರ ನಾನು ಗಳಿಸಿದ್ದೇನೆ ಎಂದುಕೊಂಡದ್ದು ಹೆಂಡತಿಯ ಎರಡು ಬೆರಳು. ಅವನ್ನು ತೆಗೆದರೆ ನನ್ನ ಹತ್ತಿರ ಮೊದಲಿಗಿಂತ ಕಡಿಮೆ ಇತ್ತು. ನನಗೆ ಹೆದರಿಕೆಯಾಯಿತು. ಹೊನ್ನಾಳಿಯಿಂದಲೂ ಹಿಂದಕ್ಕೆ ಬಂದರೆ ಇನ್ನು ಮಲೇಬೆನ್ನೂರು, ಹರಿಹರ. ಆಮೇಲೆ ಮನೆಯಲ್ಲಿ ಮಾತಾಡುವಷ್ಟು ಉಸಿರಾದರೂ ಉಳಿಯುತ್ತದೆಯೇ ಎಂದು ಅಲ್ಲಿಯ ಸ್ಟೂಲಿನ ಮೇಲೆ ಕೂತು ಯೋಚಿಸಿದೆ.

ಇಬ್ಬರೂ ಮನೆಗೆ ನಡೆದುಕೊಂಡು ಹೊರಟೆವು. ತುಂಗಭದ್ರೆಯ ಕಡೆಯಿಂದ ಗಾಳಿ ಬರುತ್ತಿತ್ತು.

"ನಾ ಬೇಕಂತ ಮಾಡಿಲ್ರಿ."

"ಗೊತ್ತಿಲ್ಲೇನು ನಂಗೆ."

"ಇನ್ನ ಮ್ಯಾಲೆ ನಾ ಅಳೆಯಲ್ಲ. ನನ್ನ ಕೈ ಮಾತು ಕೇಳಲ್ಲ. ನೀವು ಬಿಗಿ ಅಂತೀರಿ, ಅದು ಲೂಸು ಕೊಡ್ತೈತೆ."

ನನ್ನ ಮೇಲೆ ಅವಳಿಗೆ ಇರುವ ಪ್ರೀತಿಯನ್ನು ಅವಳು ಬಾಯಲ್ಲಿ ಹೇಳಿದ್ದು ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಇದೊಂದೇ ಸಲ. ಅದೂ ಕೈಯ ಮೇಲೆ ತಪ್ಪು ಹೊರಿಸಿ ಹೇಳಿದಳು. ಅವತ್ತೇ ಆ ಟೇಪನ್ನು ಅವಳು ನನಗೆ ಕೊಟ್ಟು ಹೊಸದನ್ನು ಕೊಂಡುಕೊಂಡಳು. ನನ್ನ ಬ್ಯಾಗಿನಲ್ಲಿರುವುದು ಅದೇ. ಈಗ ಕನ್ನಡಿಯ ಮುಂದೆ ನಿಂತು ನಾನೇ ಅಳೆದುಕೊಳ್ಳುತ್ತೇನೆ. ನನ್ನ ಬೆರಳಿಗೆ ಅಂಥ ದೊಡ್ಡ ಮನಸ್ಸಿಲ್ಲ.

ಮರುದಿನ ಬೆಳಿಗ್ಗೆ ಏಳುವಷ್ಟರಲ್ಲಿ ಮೂಲೆಯ ಬಟ್ಟೆಯ ಗಂಟು ಅಲ್ಲಿರಲಿಲ್ಲ. ಟವೆಲು ಮಂಚದ ಮೇಲೆ ಮಡಿಸಿಟ್ಟಿತ್ತು. ಸರೋಜ ಮಿಷನ್ನು ತುಳಿಯುತ್ತಾ ಓರೆಗಣ್ಣಿನಲ್ಲಿ ನೋಡುತ್ತಾಳೆ, ಹೆಗಲು ಎತ್ತಿದರೆ ಮಿಷನ್ನು ನಿಲ್ಲುತ್ತದೆ. ಮಿಷನ್ನಿನ ಸದ್ದು ನಿಂತ ಕೂಡಲೇ ನನ್ನ ಹೆಗಲು ತಾನಾಗಿ ಇಳಿಯುತ್ತದೆ. ವ್ಯಾಯಾಮವೆಲ್ಲ ಮುಗಿದ ಮೇಲೆ ಪಡಸಾಲೆಯಲ್ಲಿ ನಿಂತು ರೂಟು ಕೂಗಿ ನೋಡಿಕೊಳ್ಳುತ್ತೇನೆ. ಮೊದಲ ದಿನ ಎದುರು ಮನೆಯವರು ಹೊರಗೆ ಬಂದು, "ಏನ್ರಿ ರುದ್ರಣ್ಣ, ಬಸ್ಸು ಇಲ್ಲಿಗೇ ಬಂತಾ?" ಎಂದು ಕೇಳಿದರು. ಈಗ ಅವರೇ ಬಾಗಿಲಿಗೆ ರಂಗೋಲಿ ಹಾಕುತ್ತಾ, "ಇವತ್ತು ಚೀಲೂರು ಬಂತು" ಎಂದು ಸರೋಜನಿಗೆ ಹೇಳುತ್ತಾರೆ.

ಹೌದು, ಚೀಲೂರು ಬಂತು. ಒಂದೇ ದಿನದಲ್ಲಿ ಬರಲಿಲ್ಲ. ಗೋವಿನಕೋವಿಯಲ್ಲಿ ಬಹಳ ದಿನ ಕೂತಿದ್ದೆ, ತವರಿನವರು ಬಿಡಲಿಲ್ಲ ಎಂದು ಸರೋಜ ಹೇಳುತ್ತಿದ್ದಳು. ಕವಿತಾ ಅಳೆದರೆ ಟೇಪು ಈಗ ಸ್ವಲ್ಪ ಎದ್ದೇಳುತ್ತದೆ. ಅವರ ಮುಖವೂ ಎದ್ದೇಳುತ್ತದೆ. "ಇದು ಪಕ್ಕಾ ನಿಮ್ದೇ" ಎನ್ನುತ್ತಾರೆ. ಚಿಗವ್ವ ಬೆನ್ನು ತುಳಿದ ಕಥೆ ಹೇಳಿದಾಗ ಮಾತ್ರ ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದರು. ಚಿಗವ್ವ ಈಗ ಇಲ್ಲ, ಇದ್ದಿದ್ದರೆ ಈ ಹುಡುಗಿಯನ್ನು ಒಂದು ಸಲ ಬೋರಲು ಮಲಗಿಸದೆ ಬಿಡುತ್ತಿರಲಿಲ್ಲ.

ಆ ಎರಡು ಬೆರಳನ್ನು ಕವಿತಾ ಮರೆಯಲಿಲ್ಲ. ತಮ್ಮ ಜಂಪರುಗಳನ್ನೆಲ್ಲ ಸರೋಜನ ಹತ್ತಿರವೇ ಹೊಲಿಸತೊಡಗಿದರು. ದಿನವೆಲ್ಲ ಕೈ ಎತ್ತಿ ಬಗ್ಗಿ ಕೆಲಸ ಮಾಡುವವರಿಗೆ ಇಂಥ ಜಂಪರು ಸಿಕ್ಕಿರಲಿಲ್ಲವಂತೆ. ಜಗಳೂರಿನಲ್ಲಿರುವ ತಮ್ಮ ತಾಯಿಗೂ ಹೊಲಿಸಿದರು. ಹೋದ ತಿಂಗಳು ಅದನ್ನು ತಲುಪಿಸಲು ಸರೋಜ ನನ್ನ ಬಸ್ಸಿನಲ್ಲಿ ಜಗಳೂರಿಗೆ ಬಂದಳು. ಅವಳು ನನ್ನ ಬಸ್ಸಿನಲ್ಲಿ ಅಷ್ಟು ದೂರ ಬಂದದ್ದು ಅದೇ ಮೊದಲು.

ಅವರ ಮನೆಗೆ ಹೋಗಿ, ಕೊಟ್ಟು, ಅರಿಶಿನ ಕುಂಕುಮ ಇಸಿದುಕೊಂಡು ಬರುವಷ್ಟರಲ್ಲಿ ನಮ್ಮ ಬಸ್ಸು ಹೊರಡುವ ಹೊತ್ತಾಗಿತ್ತು. ಅವಳು ಕೈಚೀಲ ಹಿಡಿದುಕೊಂಡು ಬಸ್ಸಿನ ನೆರಳಿನಲ್ಲಿ ನಿಂತಳು. ಬಸ್ಸು ತುಂಬುತ್ತಾ ಬಂದಿತ್ತು. ನಾನು ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ಹೆಗಲು ಇಳಿಬಿಟ್ಟು, ಪಕ್ಕೆಗಳಿಗೆ ಉಸಿರು ತುಂಬಿಕೊಂಡೆ. ಹೆಂಡತಿ ನೋಡುತ್ತಿದ್ದಾಳೆ ಎಂದು ಸ್ವಲ್ಪ ಜಾಸ್ತಿಯೇ ತುಂಬಿಕೊಂಡೆ ಎನ್ನಿ.

"ದಾವಣಗೆರೆ ಹರಿಹರ ಮಲೇಬೆನ್ನೂರು ಹೊನ್ನಾಳಿ ಗೋವಿನಕೋವಿ ಚೀಲೂರು ಹೊಳಲೂರು..."

ಹೊಳಲೂರಿನ ಕೊನೆಯಲ್ಲಿ ಉಸಿರು ತೀರಿತು. ಉಸಿರು ಕೈಕೊಟ್ಟ ಮೇಲೆ ಹೊಳಲೂರು ಬಂದದ್ದೇ ಅವತ್ತು ಮೊದಲು, ಖುಷಿಪಡಬೇಕಾದದ್ದು. ಆದರೆ ಆ ಒಂದು ಕ್ಷಣದಲ್ಲಿ, ಮುಂದಿನ ಉಸಿರು ಎಳೆದುಕೊಳ್ಳುವುದರೊಳಗೆ, ಸ್ಟ್ಯಾಂಡಿನ ಜನ ಬೇರೆ ಕಡೆ ಮುಖ ತಿರುಗಿಸುವುದನ್ನು ಕಂಡೆ.

"ಶಿವಮೊಗ್ಗಾ."

ಕೂಗು ನನ್ನ ಕಾಲಿನ ಹತ್ತಿರದಿಂದ ಬಂತು. ಸಣ್ಣ ದನಿ, ಆದರೆ ಕೊನೆಯ ದೀರ್ಘ ಇತ್ತು. ಬಾಗಿಲಿಗೆ ಬಂದ ಸೊಪ್ಪಿನವಳನ್ನು ಕರೆಯಲು ಕೂಡ ದನಿ ಎತ್ತದೆ, ಕಿಟಕಿಯ ಸರಳನ್ನು ಬಳೆಯಿಂದ ಬಡಿಯುವವಳು ಸರೋಜ. ಅವಳು ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಆ ಕೂಗು ತನ್ನದಲ್ಲ ಎನ್ನುವಂತೆ ನಿಂತಿದ್ದಳು. ವಯಸ್ಸಾದ ತಾಯಿಯ ಕೈ ಹಿಡಿದುಕೊಂಡು ಒಬ್ಬ ಗಂಡಸು ಅವಸರವಾಗಿ ಬಂದ. ನನ್ನನ್ನು ಬಿಟ್ಟು ಅವಳನ್ನೇ ಕೇಳಿದ.

"ಶಿವಮೊಗ್ಗಕ್ಕೆ ಹೋಗ್ತೈತೇನಮ್ಮಾ?"

"ಹೋಗ್ತೈತೆ. ಹತ್ತ್ರಿ."

"ಸೀಟು ಐತಾ? ನಮ್ಮವ್ವಗೆ ನಿಂತ್ಕಳಾಕೆ ಆಗಲ್ಲ."

ಸರೋಜ ನನ್ನ ಕಡೆ ನೋಡಿದಳು. ನಾನು ಇನ್ನೂ ಉಸಿರು ತುಂಬಿಕೊಳ್ಳುತ್ತಿದ್ದೆ.

"ಐತೆ ಬರ್ರಿ, ಮುಂದೇ ಐತೆ" ಅಂದಳು ಅವಳು.

ಬಸ್ಸಿನಲ್ಲಿ ಉಳಿದಿದ್ದದ್ದು ಒಂದೇ ಸೀಟು, ನಾನು ಅವಳಿಗೆಂದು ಕರ್ಚೀಫು ಹಾಕಿ ಹಿಡಿದಿಟ್ಟದ್ದು. ಆ ತಾಯಿ ಅದರಲ್ಲಿ ಕೂತರು, ಸರೋಜ ದಾವಣಗೆರೆಯವರೆಗೂ ನನ್ನ ಪಕ್ಕದಲ್ಲಿ ನಿಂತೇ ಬಂದಳು.